ನಾನು ಪಾಸ್ ಮಾಡಿದ ಹಾಯಿ

ಸಮುದ್ರವನ್ನು ನಾನು ನೋಡಿರುವುದು ಒಂದೇ ಸಲ. ಮದುವೆಯಾದ ಹೊಸದರಲ್ಲಿ ಹೋಗಿ, ಸೀರೆ ಒದ್ದೆ ಮಾಡಿಕೊಂಡು, ಅತ್ತೆಯ ಕೈಲಿ ಬೈಸಿಕೊಂಡು ಬಂದಿದ್ದೆ. ಹೋದ ವರ್ಷ ಅಂಥವಳ ಜೀವ ಐದು ದಿನ ನಡುಸಮುದ್ರದಲ್ಲಿ ಒದ್ದಾಡಿತೆಂದರೆ ಯಾರು ನಂಬುತ್ತಾರೆ?

ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಬಟ್ಟೆ ಕಾರ್ಖಾನೆಯಲ್ಲಿ ನನಗೆ ಬಟ್ಟೆ ಪರೀಕ್ಷೆ ಮಾಡುವ ಕೆಲಸ. ಗಾಜಿನ ಮೇಜಿನ ಕೆಳಗೆ ದೀಪ ಉರಿಯುತ್ತಿರುತ್ತದೆ, ಮೇಲೆ ರೋಲ್ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ದೋಷ ಕಂಡ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿದರೆ ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ನಾವು ನೇಯುವುದರಲ್ಲಿ ಒಂದು ಬಗೆಯ ಬಟ್ಟೆ ಪರದೇಶಕ್ಕೆ, ಹಾಯಿದೋಣಿಗಳಿಗೆಂದು ಹೋಗುತ್ತದೆ. ಅಂಥದ್ದೊಂದು ರೋಲ್‌ನಲ್ಲಿ ಅಡ್ಡಕ್ಕೆ ಒಂದು ನೂಲು ದಪ್ಪ ಬಂದು, ಪೆನ್ಸಿಲಿನಲ್ಲಿ ಗೀಟು ಎಳೆದ ಹಾಗೆ ಕಾಣುತ್ತಿತ್ತು. ಅವತ್ತು ಬೆಳಿಗ್ಗೆಯೇ ಸೂಪರ್‌ವೈಸರ್ ಜೊತೆ ನನಗೆ ಜಗಳವಾಗಿತ್ತು. "ಎಷ್ಟೊತ್ತಮ್ಮಾ ನಿಂದು? ಲಾರಿ ನಿಂತದೆ!" ಎಂದು ಆತ ಮೂರನೇ ಸಲ ಕೂಗಿದಾಗ, "ತಗೊಂಡ್ ಓಗಿ ಸಾ, ಓಗಿ!" ಎಂದು ಸ್ಟಿಕ್ಕರ್ ಅಂಟಿಸದೆ ಸಹಿ ಗೀಚಿಬಿಟ್ಟೆ. ಆಮೇಲೆ ಅದನ್ನು ಮರೆತೂ ಬಿಟ್ಟೆ.

ಕೆಲವು ತಿಂಗಳಾದ ಮೇಲೆ, ಹಾಯಿ ಹೊಲಿಯುವವರಿಂದ ಮೇಲ್ ಬಂತು. ನಿಮ್ಮ ಬಟ್ಟೆಯ ಹಾಯಿ ಕಟ್ಟಿದ ದೋಣಿ ಸಾಗರ ದಾಟುವ ದೊಡ್ಡ ಪಂದ್ಯಕ್ಕೆ ಹೊರಟಿದೆ, ನೀವೂ ನೋಡಿ ಖುಷಿಪಡಿ ಎಂದು ಬರೆದು, ರೋಲ್ ನಂಬರನ್ನೂ ಕೊಟ್ಟಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಂಬರನ್ನು ಸಹಿ ಪುಸ್ತಕದಲ್ಲಿ ಹುಡುಕಿದರೆ, ಅದು ಜಗಳದ ದಿನ ನಾನು ಬಿಟ್ಟುಕೊಟ್ಟ ಗೀಟಿನ ರೋಲೇ. ದೋಣಿಯಲ್ಲಿ ಆರು ಜನರಿದ್ದರು. ನಡುನೀರಿನಲ್ಲಿ ಆ ಗೀಟಿನ ಜಾಗದಲ್ಲೇ ಹಾಯಿ ಹರಿದರೆ?

ಪಂದ್ಯವನ್ನು ಫೋನಿನಲ್ಲೇ ನೋಡಬಹುದಿತ್ತು. ನೀಲಿ ನಕ್ಷೆಯ ಮೇಲೆ ಒಂದೊಂದು ದೋಣಿಗೆ ಒಂದೊಂದು ಬಣ್ಣದ ಚುಕ್ಕಿ, ನಮ್ಮದು ಹಳದಿ. ಎರಡನೇ ದಿನಕ್ಕೇ ಅದು ಹಿಂದೆ ಬಿದ್ದಿತು. "ನಿನ್ ದೋಣಿ ಕಬ್ಬಿನ್ ಗಾಡಿ ಕಣಕ್ಕಾ" ಎಂದು ಜೊತೆಯ ಹುಡುಗಿಯರು ರೇಗಿಸಿದರು. ಹಿಂದೆ ಬೀಳಲಿ, ಮುಳುಗದಿದ್ದರೆ ಸಾಕು ಎಂದುಕೊಂಡೆ.

ಭಾನುವಾರ ಬನ್ನೂರಿನ ಪಕ್ಕದ ತವರಿಗೆ ಹೋದೆ. ನನ್ನ ಅಪ್ಪ ಒಂದು ಕಾಲದಲ್ಲಿ ಎತ್ತಿನ ಗಾಡಿ ಓಟಗಳಿಗೆ ತೀರ್ಪುಗಾರ. ಫೋನನ್ನು ಕಿತ್ತುಕೊಂಡು, "ಎಲ್ಲಾ ಒಂದೇ ಸೈಜಾ?" ಎಂದ. ಅಲ್ಲ, ದೊಡ್ಡದೂ ಇವೆ ಸಣ್ಣವೂ ಇವೆ, ದೋಣಿ ನೋಡಿ ಒಂದೊಂದಕ್ಕೆ ಒಂದೊಂದು ಅಂಕಿ ಕೊಟ್ಟಿರುತ್ತಾರೆ, ಓಡಿದ ಹೊತ್ತನ್ನು ಅದರಿಂದ ಗುಣಿಸಿ ಆಮೇಲೆ ಗೆದ್ದವರನ್ನು ಹೇಳುತ್ತಾರೆ, ದಡ ಮೊದಲು ಮುಟ್ಟಿದ್ದೇ ಗೆಲ್ಲಬೇಕೆಂದಿಲ್ಲ ಎಂದು ವಿವರಿಸಿದೆ.

"ಅಂಗನ್ನು! ನಾವು ಎತ್ತಿನ್ ಅಲ್ಲು ಎಣಿಸಿ, ವಯಸ್ಸು ನೋಡಿ ಓಡುಸ್ತಿದ್ವಿ. ಎರಡಲ್ಲಿನ್ ಕರ ಎರಡಲ್ಲಿಂದ್ರ ಜೊತೆ. ಇವ್ರು ಎಲ್ಲಾನೂ ಒಂದೇ ಸಲ ಬಿಟ್ಟು ಆಮ್ಯಾಲೆ ಲೆಕ್ಕ ಆಕ್ತಾರೆ. ಭಾರಿ ಕಿಲಾಡಿಗಳು" ಎಂದು ಅಪ್ಪ ತಲೆದೂಗಿದ. ಅಲ್ಲಿಂದ ಮುಂದೆ ಎಲ್ಲ ದೋಣಿಗೂ ಹಲ್ಲು ಬಂದವು. ಮುಂದಿದ್ದ ದೊಡ್ಡ ದೋಣಿ ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತಾಯಿತು, ನಮ್ಮದು ಎರಡು ಹಲ್ಲಿನ ಕರುವಾಯಿತು.

ಮುದ್ದೆ ಮುರಿಯುವ ಹೊತ್ತಿಗೆ ಹಳದಿ ಚುಕ್ಕಿ ನಿಂತುಬಿಟ್ಟಿತು. "ಅಯ್ಯೋ, ಹರೀತು!" ಎಂದೆ.

"ಏನವ್ವ ಅರಿಯೋದು? ಅದ್ರ ಜೊತೇವು ನೋಡು ಬೆಪ್ಪೇ" ಎಂದ ಅಪ್ಪ. ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೆರಡು ದೋಣಿಗಳಿದ್ದವು. ಅವೂ ನಿಂತಿದ್ದವು. "ಮೂರೂ ನಿಂತವೆ ಅಂದ್ರೆ ಗಾಳಿ ಬಿದ್ದೋಗದೆ. ಎತ್ತಿನ್ ಮ್ಯಾಲ್ಯಾಕೆ ತಪ್ಪು ಒರುಸ್ತೀಯ?"

ಎಷ್ಟು ಹಗುರವಾಯಿತೆಂದರೆ, ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡೆ. ಆದರೆ ತೀರ್ಪುಗಾರನ ಕಣ್ಣು ಫೋನ್ ಬಿಟ್ಟು ಕದಲಿರಲಿಲ್ಲ. ಮೂರು ಗಂಟೆಯ ಸುಮಾರಿಗೆ, "ಅವೆರಡೂ ಎದ್ವು ಕಣವ್ವ. ನಿಂದು ಇನ್ನೂ ಎದ್ದಿಲ್ಲ" ಎಂದ. ನಮ್ಮ ಚುಕ್ಕಿ ಅಲುಗಾಡಲು ಇನ್ನೂ ಕಾಲು ಗಂಟೆ ಹಿಡಿಯಿತು. "ಅವರೂ ಊಟ ಮಾಡ್ತಿದ್ರೇನೋ" ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದ.

ಮಂಗಳವಾರ ನಮ್ಮ ದೋಣಿ ಹದಿನಾರನೆಯದಾಗಿ ದಡ ಸೇರಿತು. ಆರು ಜನರೂ ಇಳಿದು ಕೈಬೀಸಿದ ಫೋಟೋ ನೋಡಿ ನಂಜುಂಡೇಶ್ವರನಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಬ್ಬಿನ ಗಾಡಿಯ ಮಾತು ಮತ್ತೆ ಶುರುವಾಯಿತು. ಸಂಜೆ ಗುಣಿಸಿದ ಲೆಕ್ಕ ಬಂತು, ನಮ್ಮದು ಎರಡನೇ ಸ್ಥಾನ! ಸೂಪರ್‌ವೈಸರ್ ಮೈಸೂರು ಪಾಕ್ ತರಿಸಿ ಮೊದಲ ತುಂಡನ್ನು ನನ್ನ ಕೈಗೇ ಇಟ್ಟ. "ಬರೀ ಅನ್ನೊಂದು ನಿಮಿಷ ಕಣಮ್ಮ! ಇಲ್ದಿದ್ರೆ ನಾವೇ ಫಸ್ಟು!"

ಆ ಮೈಸೂರು ಪಾಕನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ನಮ್ಮ ಚುಕ್ಕಿ ಹೆಚ್ಚಿಗೆ ನಿಂತಿದ್ದು ಕಾಲು ಗಂಟೆ, ಮೊದಲ ಸ್ಥಾನ ತಪ್ಪಿದ್ದು ಹನ್ನೊಂದು ನಿಮಿಷಕ್ಕೆ. ಆ ಕಾಲು ಗಂಟೆ ಅವರು ಗೀಟಿನ ಜಾಗಕ್ಕೆ ತೇಪೆ ಹಾಕುತ್ತಿದ್ದರೇ?

ಮುಂದಿನ ಭಾನುವಾರ ಅಪ್ಪನ ಮುಂದೆ ಕೂತು ಗೀಟು, ಜಗಳ, ಸಹಿ ಎಲ್ಲವನ್ನೂ ಹೇಳಿಕೊಂಡೆ. ಸಮಾಧಾನ ಹೇಳಲಿ ಎಂದೇ ಹೋಗಿದ್ದೆ. "ಅದೂ ಗಾಳೀದೇ ಇರಬೋದಲ್ವಾ ಅಪ್ಪ?" ಎಂದು ನಾನೇ ದಾರಿ ತೋರಿಸಿದೆ.

"ಇರಬೋದು" ಎಂದ ಅಪ್ಪ. "ಗೀಟಿಲ್ದಿರೋ ಅಂಥದೇ ಬಟ್ಟೆ ಕಟ್ಕೊಂಡು ಅಂಥದೇ ಇನ್ನೊಂದ್ ದೋಣಿ ಪಕ್ಕದಲ್ಲೇ ಓಡಿದ್ರೆ ನೋಡಿ ಏಳ್ತಿದ್ದೆ. ಅಂಗೆ ಓಡ್ನಿಲ್ವಲ್ಲ." ಆಮೇಲೆ, "ಆ ಅನ್ನೊಂದು ನಿಮಿಷ ನಿಂದೇ ಅಂತ ಮನಸ್ನಲ್ಲಿ ಮಡಿಕ್ಕೊ. ಗಾಳೀದು ಅಂದ್ಕಂಡ್ರೆ ಇನ್ನೊಂದ್ಸಲಾನೂ ಗೀಟು ಬಿಟ್ಬುಡ್ತೀಯ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗಳಿಗೆ ಒಂದು ಸುಳ್ಳು ಹೇಳಿದ್ದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು? ಕಾಫಿಯನ್ನೂ ಕುಡಿಯದೆ ಎದ್ದು ಬಂದೆ. ನರಸೀಪುರದಲ್ಲಿ ಬಸ್ಸು ಬದಲಿಸಿ, ನಂಜನಗೂಡು ಮುಟ್ಟುವವರೆಗೂ ಅಪ್ಪನನ್ನು ಒಳಗೊಳಗೇ ಬೈಯುತ್ತಾ ಬಂದೆ. ಮಾರನೇ ದಿನ ಮೇಜಿನ ದೀಪ ಹಾಕಿ ಮೊದಲ ರೋಲನ್ನು ಕೊನೆಯವರೆಗೂ ನೋಡಿದೆ. ಅದರಲ್ಲಿ ದೋಷವೇನೂ ಇರಲಿಲ್ಲ. ಹಿಂದಕ್ಕೆ ಸುತ್ತಿಸಿ ಇನ್ನೊಂದು ಸಲ ನೋಡಿದೆ.