ಯಾರೂ ಸಾಯದ ಆಟ

ಬ್ಯಾಡಗಿಯಲ್ಲಿ ಹುಟ್ಟಿ ಮೆಣಸಿನಕಾಯಿಗೆ ಸೀನುವುದು ಅಂದರೆ ಮೀನಿಗೆ ನೀರು ಕಂಡರೆ ನೆಗಡಿ ಬಂದ ಹಾಗೆ. ಆ ಮೀನು ನಾನೇ. ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ಸಣ್ಣದೊಂದು ದಲಾಲಿ ಅಂಗಡಿ ಇತ್ತು. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದ ವರ್ಷ ನನ್ನನ್ನು ಅಲ್ಲಿ ಕೂರಿಸಿದರು. ಮೊದಲ ದಿನವೇ ಖರೀದಿದಾರರು ದರ ಬರೆದಿಟ್ಟ ಟೆಂಡರ್ ಚೀಟಿಗಳ ಎದುರು ಎಂಥ ಸೀನು ಸೀನಿದೆನೆಂದರೆ, ಒಂದು ಚೀಟಿ ಹಾರಿ ಹಮಾಲನ ರುಮಾಲಿಗೆ ಸಿಕ್ಕಿಕೊಂಡಿತು, ಇನ್ನೊಂದು ಸಾಹುಕಾರರೊಬ್ಬರ ಚಹಾದೊಳಗೆ ಈಜಿತು. ಆ ದಿನ ಮೆಣಸಿನಕಾಯಿ ದರ ಇಳಿದದ್ದು ನನ್ನ ಮೂಗಿನಿಂದಲೇ ಎಂದು ಇಡೀ ಮಾರ್ಕೆಟ್ಟು ನಂಬಿತ್ತು. ನಾನೂ ನಂಬಿದ್ದೆ.

ಹಗಲು ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಮಲಗಿದರೆ ಮಾತ್ರ ಎದೆಯೊಳಗೆ ಬೆಕ್ಕಿನ ಮರಿಯೊಂದು ಕೂತು ಅಳುತ್ತಿತ್ತು. ಉಸಿರು ಒಳಗೆ ಹೋಗಲು ಒಲ್ಲೆ ಅನ್ನುತ್ತಿತ್ತು, ಒಳಗೆ ಹೋದದ್ದು ಹೊರಗೆ ಬರಲು ಒಲ್ಲೆ ಅನ್ನುತ್ತಿತ್ತು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದೆ. ಧೂಳಿನಿಂದ ದೂರ ಇಡಿ ಎಂದು ಡಾಕ್ಟರು ಹೇಳಿದಾಗ ಅಪ್ಪ ಕೆಮ್ಮುತ್ತಲೇ ಉತ್ತರ ಕೊಟ್ಟರು.

"ಧೂಳ ಬಿಟ್ರ ಬ್ಯಾಡಗ್ಯಾಗ ಮತ್ತೇನೈತ್ರಿ ಸಾಹೇಬ್ರ? ನಾ ಇಷ್ಟ ವರ್ಷ ಕೆಮ್ಮಿಲ್ಲೇನು? ಸತ್ತೇನೇನು?"

ಕಡೆಗೆ ಅಕ್ಕ ಅತ್ತು ಕರೆದು ನನ್ನನ್ನು ರಾಣೆಬೆನ್ನೂರಿಗೆ ಕರೆಸಿಕೊಂಡಳು. ಭಾವ ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಗೇಮ್ ಸೆಂಟರ್ ಇಟ್ಟಿದ್ದರು. ಕಸ ಹೊಡೆಯುವವ, ಇಂಜಿನಿಯರು, ಮ್ಯಾನೇಜರು, ಜಗಳ ಬಿಡಿಸುವವ ಎಲ್ಲ ನಾನೇ. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ: ಸೀಜನ್ ಶುರುವಾದ ಕೂಡಲೇ ವಾಪಸ್ ಬರಬೇಕು.

ಸೀಜನ್ ಹತ್ತಿರ ಬಂತು. ಅದೇ ಹೊತ್ತಿಗೆ ಪಕ್ಕದ ಓಣಿಯಲ್ಲಿ ಇನ್ನೊಂದು ಗೇಮ್ ಸೆಂಟರ್ ತೆರೆದು ನಮ್ಮ ಕಾಲೇಜು ಹುಡುಗರು ಅತ್ತ ಸರಿದರು. ಹಾವೇರಿಗೆ ಹೋಗಿ ಹೊಸ ಕಾರ್ ರೇಸಿನ ಸಿಡಿ ತಾ ಎಂದು ಭಾವ ನನ್ನನ್ನು ಕಳಿಸಿದರು. ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಸಿಡಿಗಳನ್ನು ಈರುಳ್ಳಿ ಹಾಗೆ ರಾಶಿ ಹಾಕಿದ್ದರು. ಒಂದರ ಹೊದಿಕೆಯ ಮೇಲೆ ದೊಡ್ಡದೊಂದು ಚಕ್ರ ಇತ್ತು. ಚಕ್ರ ಇದೆ ಎಂದ ಮೇಲೆ ಕಾರೂ ಇರಲೇಬೇಕು! ನಾನು ಇಂಜಿನಿಯರ್ ಅಲ್ಲವೇ? ತಂದೆ. ತಂದವನೇ ತೆರೆದೂ ನೋಡದೆ ಎಲ್ಲ ಕಂಪ್ಯೂಟರಿಗೂ ಹಾಕಿದೆ. ಜಾಗ ಸಾಲದ್ದಕ್ಕೆ ಹಳೆಯ ರೇಸನ್ನು ಅಳಿಸಿಯೂ ಬಿಟ್ಟೆ. ಅದರ ಸಿಡಿಯ ಮೇಲೆ ನಾನು ಚಹಾದ ಲೋಟ ಇಟ್ಟು ಇಟ್ಟು ಅದು ಆಗಲೇ ತೀರಿಕೊಂಡಿತ್ತು.

ಹೊಸ ರೇಸ್ ಬಂದಿದೆ ಎಂದು ಕೇಳಿ ಶನಿವಾರ ಸಂಜೆ ಹುಡುಗರು ವಾಪಸ್ ಬಂದರು. ಪರದೆ ಬೆಳಗಿತು. ಮಂಜು. ಮಂಜಿನೊಳಗೆ ತುಕ್ಕು ಹಿಡಿದ ಕಬ್ಬಿಣದ ಒಂದು ಊರು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಗಾಳಿಗೆ ಸರಪಳಿ ಅಲ್ಲಾಡುವ ಸದ್ದು. ಹೊದಿಕೆಯ ಮೇಲಿದ್ದ ಚಕ್ರ ಕಾರಿನದಲ್ಲ, ನೀರಿನ ವಾಲ್ವಿನದು. ಅದನ್ನು ತಿರುಗಿಸಿದರೆ ಒಂದು ತೊಟ್ಟಿ ತುಂಬುತ್ತದೆ, ತೊಟ್ಟಿಯ ಭಾರಕ್ಕೆ ಒಂದು ಸೇತುವೆ ಏಳುತ್ತದೆ, ಸೇತುವೆಯ ಆಚೆ ಇನ್ನೊಂದು ಚಕ್ರ. ಕಡೆಗೆ ಒಂದು ದೊಡ್ಡ ಗೇಟು. ಕಾರಿಲ್ಲ, ಬಂದೂಕಿಲ್ಲ, ಮನುಷ್ಯರಿಲ್ಲ.

ಆಡಿದವರ ಅಭಿಪ್ರಾಯಗಳು ಕೂಡಲೇ ಬರತೊಡಗಿದವು. ಕಾಲೇಜು ಹುಡುಗನೊಬ್ಬ ಎದ್ದು ನಿಂತು ಕೇಳಿದ, "ಅಣ್ಣಾ, ಇದ್ರಾಗ ಯಾರೂ ಸಾಯೂದಿಲ್ಲನ?"

"ಇಲ್ಲೋ."

"ನಾವರೆ ಸಾಯ್ತೇವಿಲ್ಲೋ?"

"ನೀವೂ ಇಲ್ಲ."

"ಮತ್ತ ರೊಕ್ಕ ಯಾಕ ಕೊಡೂದು?"

ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬರುವ ಗಿರಾಕಿಯೊಬ್ಬರು ಒಂದು ಚಕ್ರ ತಿರುಗಿಸಿ ಮೌಸ್ ಕೆಳಗಿಟ್ಟರು. "ದಿನಾ ಇದನ್ನ ತಿರುವಿ ಪಗಾರ ತಗೊಂತೇನಿ. ಇಲ್ಲಿ ಬಂದು ನಾನ ರೊಕ್ಕ ಕೊಟ್ಟು ತಿರುವ್ಬೇಕನ? ನಿಮ್ಮ ಭಾವಗ ಹೇಳು, ಓವರ್‌ಟೈಮ್ ಕೊಡ್ತಾರಂದ್ರ ಕುಂದರ್ತೇನಿ." ಬೀಜದ ಕಂಪನಿಯ ಏಜೆಂಟರೊಬ್ಬರು, ಮನುಷ್ಯರು ಬರುತ್ತಾರೇನೋ ಎಂದು ಚಹಾ ಆರುವ ತನಕ ಕಾದರು. "ತಮ್ಮಾ, ಇದು ರವಿವಾರ ಮಧ್ಯಾಹ್ನದ ನಮ್ಮ ಆಫೀಸ ಇದ್ದಂಗೈತಿ ನೋಡು" ಎಂದು ಎದ್ದು ಹೋದರು.

ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಅಂಗಡಿ ತೆರೆದು ಕಸ ಹೊಡೆದಾದ ಮೇಲೆ ಒಬ್ಬನೇ ಕೂತು ಆಡುತ್ತಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿದರೆ ಆ ಒದ್ದೆ ಗಾಳಿ ಮೂಗಿನೊಳಗೇ ಬಂದಂತಾಗುತ್ತಿತ್ತು. ಅಲ್ಲಿ ಧೂಳೇ ಇರಲಿಲ್ಲ. ಎಲ್ಲವೂ ತೊಯ್ದು ಕೂತಿತ್ತು. ಒಂದು ದಿನ ಯಾವುದೋ ತೊಟ್ಟಿ ತುಂಬುವುದನ್ನು ನೋಡುತ್ತ ಇದ್ದಾಗ ನಾನು ಉಸಿರಾಡುತ್ತಿದ್ದೇನೆ ಅನ್ನುವುದೇ ಮರೆತು ಹೋಗಿತ್ತು. ಉಸಿರು ಸರಿ ಇರುವವರಿಗೆ ಇದು ದೊಡ್ಡ ಮಾತಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಕೀಬೋರ್ಡು ತೊಯ್ದು ಕೆಟ್ಟರೆ ಭಾವ ಬಯ್ಯುತ್ತಾರೆಂದು ಲಗೂನೆ ಒರೆಸಿಕೊಂಡೆ.

ಭಾವ ಖಾಲಿ ಕುರ್ಚಿಗಳನ್ನು ನೋಡಿ ನೋಡಿ ಒಂದು ಮಧ್ಯಾಹ್ನ ತೀರ್ಮಾನ ಹೇಳಿದರು. "ಲೇ ತಮ್ಮಾ, ನನಗೂ ಹೊಟ್ಟಿ ಐತಿ. ಒಬ್ಬ, ಒಬ್ಬನರೆ ಗಿರಾಕಿ ಪೂರ್ತಿ ತಾಸು ಕುಂತು, ತಾನಾಗೇ ಮತ್ತೊಂದು ತಾಸು ಕೇಳ್ಲಿ. ಆಟಾನೂ ಇರ್ಲಿ, ನೀನೂ ಇರು. ಮಾವಾರಿಗೆ ನಾನ ಹೇಳ್ತೇನಿ. ಇಲ್ಲಾಂದ್ರ ಅವರು ಬಂದಾಗ ಸುಮ್ಮ ಅವರ ಕೂಡ ಬಸ್ ಹತ್ತು."

ಅಂದಿನಿಂದ ನಾನು ಗಿರಾಕಿಗಳ ಕಾಲು ಹಿಡಿಯುವುದೊಂದು ಬಾಕಿ. ಕಡೆಗೆ ಬಳೆ ಅಂಗಡಿಯ ಗೆಳೆಯನಿಗೆ ಮಂಡಕ್ಕಿ ಮಿರ್ಚಿ ತಿನ್ನಿಸಿ, ಭಾವನ ಎದುರು ಒಂದು ತಾಸು ಕೂತು ಆಟ ಹೊಗಳು ಎಂದೆ. ಅವನು ಕೂತ. ಕೂತಲ್ಲೇ ನಿದ್ದೆ ಹೋದ. ಭಾವ ಬಂದದ್ದು ಕಂಡು ಅವನ ಕಾಲು ತುಳಿದೆ. ಅವನು ಬೆಚ್ಚಿ ಎದ್ದು ಎರಡೂ ಕೈಯಲ್ಲಿ ಇಲ್ಲದ ಸ್ಟೇರಿಂಗ್ ತಿರುಗಿಸುತ್ತ ಕೂಗಿದ, "ಅರೇ ಯಾರ್, ಕಾರ್ ಏನ್ ಓಡತೈತಿ! ಬ್ರೇಕ್ ಹತ್ತವಲ್ಲದು! ಮತ್ತೊಂದು ತಾಸು ಹಚ್ಚೋ ಭಾಯಿ!"

ಪರದೆಯ ಮೇಲೆ ಒಂದು ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಭಾವ ಪರದೆ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ಬಂದದ್ದು ನನಗಿಂತ ಮೊದಲು ನನ್ನ ಮೂಗಿಗೆ ಗೊತ್ತಾಯಿತು. ಬಾಗಿಲಿಗೆ ಬೆನ್ನು ಮಾಡಿ ವೈರು ಜೋಡಿಸುತ್ತಿದ್ದೆ, ಸೀನು ಬಂತು. ತಿರುಗಿದರೆ ಬಿಳಿ ಟೋಪಿ, ಕೊರಳಿಗೆ ಸುತ್ತಿದ ರುಮಾಲು, ಅಂಗಿಯ ಮಡಿಕೆಯಲ್ಲೆಲ್ಲ ಕೆಂಪು ಧೂಳು.

"ಶುರು ಆತು ನೋಡ ನಿಂದು" ಅಂದರು. "ಅರಿವಿ ಗಂಟು ಕಟ್ಕೊ. ಸೀಜನ್ ಹತ್ತೇತಿ. ಅಳಿಯಾರು ಎಲ್ಲಿ?"

ಭಾವ ಕರೆಂಟ್ ಬಿಲ್ ಕಟ್ಟಲು ಹೋಗಿದ್ದರು. ಅಳಿಯನಿಗೆ ಹೇಳದೆ ಹೊರಟರೆ ಮರ್ಯಾದೆ ಅಲ್ಲ, ಆದ್ದರಿಂದ ಅಪ್ಪ ಕಾಯಲೇಬೇಕಿತ್ತು. ಅವರನ್ನು ಮೂಲೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ಸುಮ್ಮನೆ ಕೂರುವುದೇಕೆ ಎಂದು ಗಿರಾಕಿಗಳಿಗೆ ಹಚ್ಚುವ ಹಾಗೆ ಒಂದು ತಾಸಿಗೆ ಆಟ ಹಚ್ಚಿ, ಟೋಪಿಯ ಮೇಲೆಯೇ ಹೆಡ್‌ಫೋನ್ ತೊಡಿಸಿದೆ. ಚಕ್ರ ತಿರುಗಿಸುವುದು ಹೇಗೆಂದು ತೋರಿಸಲು ಹೋದರೆ ನನ್ನ ಕೈ ಸರಿಸಿದರು.

ಅಪ್ಪ ಏನೂ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು ನೋಡುತ್ತ ಕೂತರು. ನಾನು ಅರಿವೆಗಳನ್ನು ಚೀಲಕ್ಕೆ ತುಂಬಿ ಬಂದೆ, ಹಾಗೇ ಕೂತಿದ್ದರು. ಅಕ್ಕನಿಗೆ ಹೇಳಿ ಬಂದೆ, ಹಾಗೇ ಕೂತಿದ್ದರು. ಆಗ ಗಮನಕ್ಕೆ ಬಂತು: ಅಂಗಡಿಯಲ್ಲಿ ಕೆಮ್ಮಿನ ಸದ್ದೇ ಇಲ್ಲ. ಹುಟ್ಟಿದಾಗಿನಿಂದ ಅಪ್ಪನಿರುವ ಕಡೆ ಕೇಳುತ್ತ ಬಂದ ಸದ್ದು ಅದು. ಹೆದರಿ ಹತ್ತಿರ ಹೋಗಿ ನೋಡಿದೆ. ಉಸಿರಾಡುತ್ತಿದ್ದರು.

ಭಾವ ಬಂದು ಬಾಗಿಲಲ್ಲೇ ನಿಂತರು. ಅಷ್ಟರಲ್ಲಿ ತಾಸು ಮುಗಿದು ಪರದೆ ತಾನಾಗೇ ಕಪ್ಪಾಯಿತು. ಅಪ್ಪ ಹೆಡ್‌ಫೋನ್ ಎತ್ತಿ ಗಟ್ಟಿಯಾಗಿ ಅಂದರು, "ಹೋತಲ್ಲೋ! ಮತ್ತ ಹಚ್ಚು."

ನಾನು ಭಾವನ ಕಡೆ ಓಡಿದೆ. "ಕೇಳಿದ್ರಿಲ್ಲೋ ಭಾವಾ? ತಾಸು ಪೂರ್ತಿ ಕುಂತಾರ. ತಾವಾಗೇ ಕೇಳ್ಯಾರ!"

"ಮಾವಾರು ಗಿರಾಕಿ ಹೆಂಗ ಆಗ್ತಾರಲೇ? ರೊಕ್ಕ ಕೊಟ್ಟವ ಗಿರಾಕಿ."

ರೊಕ್ಕ ಅನ್ನುವ ಮಾತು ಅಪ್ಪನ ಕಿವಿಗೆ ಬಿತ್ತು. ಕಿಸೆಯಿಂದ ನೋಟು ತೆಗೆದರು. "ಯಾಕ ಕೊಡೂದಿಲ್ರಿ ಅಳಿಯಾರ? ವ್ಯಾಪಾರ ಅಂದ್ರ ವ್ಯಾಪಾರ. ತಗೋರಿ."

"ಏ ಬಿಡ್ರಿ ಮಾವಾರ, ಏನ್ ಮಾಡಾಕತ್ತೀರಿ!"

"ತಗೋರಿ ಅಂದೆ."

"ನಿಮ್ಮ ಕಡೆ ರೊಕ್ಕ ಇಸ್ಕೊಂಡೆ ಅಂತ ನಿಮ್ಮ ಮಗಳಿಗೆ ಗೊತ್ತಾದ್ರ ನನಗ ಮನ್ಯಾಗ ಊಟ ಹಾಕ್ತಾಳೇನ್ರಿ?"

ನೋಟು ಅಪ್ಪನ ಕೈಯಿಂದ ಭಾವನ ಕಿಸೆಗೆ, ಭಾವನ ಕಿಸೆಯಿಂದ ಅಪ್ಪನ ಕೈಗೆ ಓಡಾಡತೊಡಗಿತು. ಆ ನೋಟು ಒಂದು ಸಲ ಭಾವನ ಕಿಸೆಯಲ್ಲಿ ನಿಂತರೆ ನಾನು ರಾಣೆಬೆನ್ನೂರಿನಲ್ಲಿ ನಿಲ್ಲುತ್ತಿದ್ದೆ. "ತಗೋರಿ ಭಾವಾ, ಹಿರ್ಯಾರು ಕೊಡಾಕತ್ತಾರ, ಒಲ್ಲೆ ಅನಬಾರ್ದು" ಎಂದು ನಡುವೆ ತೂರಿದೆ. ಇಬ್ಬರೂ ಸೇರಿ ನನ್ನನ್ನು ಬದಿಗೆ ತಳ್ಳಿದರು. ಅವರ ಮರ್ಯಾದೆಯ ಕುಸ್ತಿಯಲ್ಲಿ ನನ್ನ ಎದೆ ಮತ್ತೆ ಸುಂಯ್ ಅನ್ನತೊಡಗಿತು. ಭಾವನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಗೆದ್ದದ್ದು ಭಾವನೇ. ಅಪ್ಪ ಸೋತು, ಮುದ್ದೆಯಾದ ನೋಟನ್ನು ನನ್ನ ಕಿಸೆಗೆ ತುರುಕಿದರು. "ಇಟ್ಕೊ. ಇಬ್ರದೂ ಟಿಕೀಟ ತಗಸು."

ಚೀಲ ಹೆಗಲಿಗೇರಿಸಿದೆ. ಹೊಸ್ತಿಲ ತನಕ ಹೋದೆ. ಅಲ್ಲಿಂದ ತಿರುಗಿ ಬಂದು ಅದೇ ನೋಟನ್ನು ಭಾವನ ಮುಂದೆ ಹಿಡಿದೆ. "ನಾನೂ ಗಿರಾಕಿ. ಒಂದು ತಾಸು ಹಚ್ರಿ."

ಅಳಿಯನಿಗೆ ಮಾವನ ರೊಕ್ಕ ವಿಷ. ಹೆಂಡತಿಯ ತಮ್ಮನ ರೊಕ್ಕಕ್ಕೆ ಅಂಥ ದೋಷವೇನೂ ಇಲ್ಲ. ಒಂದು ಸಲವಾದರೂ ಬೇಡ ಅನ್ನಬಹುದಿತ್ತು. ಭಾವ ಅನ್ನಲಿಲ್ಲ. ಇಸಿದುಕೊಂಡು ಗಲ್ಲಾ ಪೆಟ್ಟಿಗೆಗೆ ಹಾಕಿದರು. ಹುಡುಗ ಇಲ್ಲೇ ಇರಲಿ ಎಂದು ಮಾವನ ಎದುರು ಬಾಯಿಬಿಟ್ಟು ಹೇಳುವುದು ಅವರಿಂದ ಆಗುವಂತಿರಲಿಲ್ಲ. ಕಂಪ್ಯೂಟರನ್ನು ಮಾತ್ರ ಅವರೇ ಬಂದು ಹಚ್ಚಿಕೊಟ್ಟರು.

ನಾನು ಕೂತೆ. ಬಸ್ಸು ತಪ್ಪುತ್ತದೆ ಎಂದು ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಹೆಡ್‌ಫೋನಿನ ಒಂದು ಕಿವಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಗೇಟಿನ ಮುಂದೆ ಬಂದೆವು. ನನಗಿನ್ನು ಒಂದೇ ಚಕ್ರ ಉಳಿದಿತ್ತು.

"ಇದನ್ನ ತಿರುವಿದ್ರ ಏನಾಕ್ಕೈತಿ?"

"ಗೇಟ ತೆರೀತೈತಪ್ಪಾ. ಆಟ ಮುಗೀತೈತಿ."

"ಬ್ಯಾಡ ಬಿಡು. ತೆಗದ್ರ ಯಾವನರೆ ಮೆಣಸಿನಕಾಯಿ ಚೀಲ ಹೊತ್ಕೊಂಡ ಬರ್ತಾನ. ಹಿಂಗ ಇರ್ಲಿ."

ಮೌಸಿನಿಂದ ಕೈ ತೆಗೆದೆ. ಇಬ್ಬರೂ ಮಂಜು ನೋಡುತ್ತ, ನೀರು ತೊಟ್ಟಿಕ್ಕುವುದನ್ನು ಕೇಳುತ್ತ ಕೂತೆವು. ಹೊರಗೆ ಬ್ಯಾಡಗಿ ಬಸ್ಸಿನ ಕಂಡಕ್ಟರು ಕೂಗಿ ಕೂಗಿ ಹೊರಟು ಹೋದ.

ತಾಸು ಮುಗಿದು ಪರದೆ ಕಪ್ಪಾಯಿತು. ಅದರಲ್ಲಿ ನಮ್ಮಿಬ್ಬರ ಮುಖ ಕಂಡಿತು, ಒಂದರ ಮೇಲೆ ಟೋಪಿ. ಅಪ್ಪ ಕೆಮ್ಮಿದರು. ನಾನು ಸೀನಿದೆ.

"ನಡಿ, ಮುಂದಿನ ಬಸ್ಸಿಗೆ ಹೋಗೂಣು" ಅಂದರು ಅಪ್ಪ, ಕೊರಳಿನ ರುಮಾಲು ಬಿಚ್ಚಿ ನನ್ನ ಕೈಗೆ ಕೊಡುತ್ತ. "ಮೂಗಿಗೆ ಕಟ್ಕೊ."

ರುಮಾಲಿನ ತುಂಬ ಮೆಣಸಿನಕಾಯಿ ಧೂಳು. ಆದರೂ ಕಟ್ಟಿಕೊಂಡೆ.