ನಿಂತು ಕಲಿತ ಅಕ್ಷರ

ಇವತ್ತು ಸಂಡೂರಿನ ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ನನ್ನ ಕಾರಿನ ಮುಂದೆ ನಿಂತಿದ್ದ ಅದಿರಿನ ಲಾರಿಯ ಹಿಂಬದಿಗೆ ಮೆತ್ತಿದ ಕೆಂಪು ಧೂಳಿನಲ್ಲಿ ಯಾರೋ ಬೆರಳಿನಿಂದ ‘ಅ’ ಎಂದು ಬರೆದಿದ್ದರು. ಅವ್ವ ನೆನಪಾದಳು.

ಅವ್ವ ಗಣಿಯಲ್ಲಿ ಬುಟ್ಟಿ ಹೊತ್ತು ಲಾರಿಗೆ ಅದಿರು ತುಂಬುತ್ತಿದ್ದಳು. ಸಂಜೆ ಗುಡಿಯ ಕಟ್ಟೆಯ ಮೇಲೆ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಅಲ್ಲಿ ಕಲಿತದ್ದನ್ನು ಮರುದಿನ ಲಾರಿಯ ಹಿಂದೆ ನಿಂತು, ಕೈ ಎತ್ತಿ ಧೂಳಿನಲ್ಲಿ ತಿದ್ದುವಳು. ಲಾರಿ ಹೊರಟರೆ ಅಕ್ಷರವೂ ಹೋಯಿತು. ಮುಂದಿನ ಲಾರಿ ಬಂದಾಗ ಮತ್ತೆ ಮೊದಲಿಂದ ಶುರು.

ಪರೀಕ್ಷೆಯ ದಿನ ಎಲ್ಲರಂತೆ ಕುಳಿತು, ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೈಯೇ ಓಡಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಕಲಿಸುತ್ತಿದ್ದ ಅಕ್ಕೋರಿಗೆ ಕನಿಕರ ಬಂತು.

“ಸಹಿ ಒಂದು ಮಾಡ್ರಿ ಹುಲಿಗೆಮ್ಮ, ಸಾಕು. ಪಾಸ್ ಅಂತ ಬರಕೊಂತೀನಿ.”

“ಹಂಗ ಬ್ಯಾಡ್ರಿ ಅಕ್ಕೋರ. ನನಗ ಕುಂತ್ರ ಬರಂಗಿಲ್ಲ, ನಿಂತ್ರ ಬರ್ತೈತಿ.”

ಅವ್ವ ಎದ್ದು ನಿಂತು, ಪಾಟಿಯನ್ನು ಪಕ್ಕದಲ್ಲಿದ್ದ ನನ್ನ ಕೈಗೆ ಕೊಟ್ಟಳು. “ತಲಿ ಮ್ಯಾಲೆ ಎತ್ತಿ ಹಿಡಿಯವ್ವ. ಅಲ್ಲಾಡಬ್ಯಾಡ.”

ಎರಡನೇ ಕ್ಲಾಸಿನ ಹುಡುಗಿ ನಾನು. ಹಿಡಿದೆ. ಪಾಟಿಯ ಆಚೆ ಬಳಪ ಕಿರ್ ಕಿರ್ ಎನ್ನುತ್ತಿತ್ತು, ಪುಡಿ ನನ್ನ ಹಣೆಯ ಮೇಲೆ ಉದುರುತ್ತಿತ್ತು. ತನ್ನ ಹೆಸರು, ಅಪ್ಪನ ಹೆಸರು, ಊರ ಹೆಸರು, ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತ ಬರೆದಳು. ನನ್ನ ತೋಳು ನಡುಗತೊಡಗಿದವು.

“ಸಾಕಾತೇನವ್ವಾ?” ಎಂದೆ.

“ತಡಿ, ಇನ್ನೂ ನಿನ್ನ ಹೆಸರು ಐತಿ.”

ತೋಳು ಮತ್ತೆ ನೆಟ್ಟಗಾದವು.

ಗೇಟ್ ತೆಗೆಯುವ ಮೊದಲೇ ಕಾರಿನಿಂದ ಇಳಿದೆ. ಲಾರಿಯ ಧೂಳಿನಲ್ಲಿ, ಆ ‘ಅ’ ಅಕ್ಷರದ ಪಕ್ಕ, ಅವ್ವನ ಹೆಸರು ಬರೆಯತೊಡಗಿದೆ. ಅಷ್ಟರಲ್ಲಿ ಗೇಟ್ ತೆರೆಯಿತು; ಲಾರಿ ಇನ್ನೂ ಹೊರಟಿರಲಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಪೂರ್ತಿ ಬರೆದೇ ಕಾರು ಹತ್ತಿದೆ.