ಬೊಟ್ಟಿನಡಿಯ ಕೆಂಪು ದೀಪ

ಮೂವತ್ತು ವರ್ಷ ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಅಂಥವನ ಕಾರಿನಲ್ಲಿ, ಸ್ಪೀಡು ತೋರಿಸುವ ಮುಳ್ಳಿನ ಪಕ್ಕದಲ್ಲಿ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಬೊಟ್ಟೊಂದು ಇದೆ. ದೃಷ್ಟಿ ತಾಗದಿರಲೆಂದು ಅಂಟಿಸಿದ್ದರೆ ನೀವು ಕ್ಷಮಿಸುತ್ತಿದ್ದಿರಿ. ಅದು ಇರುವುದು ಎಂಜಿನ್ ಆಯಿಲಿನ ಎಚ್ಚರಿಕೆ ದೀಪವನ್ನು ಮುಚ್ಚುವುದಕ್ಕೆ.

ಕಾರಿಗೆ ಹದಿನೆಂಟು ವರ್ಷ. ಎಡಗಡೆ ಬಾಗಿಲನ್ನು ಎರಡು ಸಲ ಬಡಿದರೇ ಮುಚ್ಚುವುದು. ಅದನ್ನೆಲ್ಲ ಸಹಿಸಬಹುದು, ಈ ದೀಪಗಳನ್ನಲ್ಲ. ಆಯಿಲಿನ ದೀಪವಂತೂ ಪೂಜೆಯ ಗಿಂಡಿಯ ಆಕಾರ, ಮೂತಿಯಲ್ಲೊಂದು ಹನಿ ಬೇರೆ. ಏನು ಕೆಟ್ಟಿದೆ, ಇನ್ನೆಷ್ಟು ದೂರ ಹೋಗಬಹುದು, ಒಂದನ್ನೂ ಹೇಳದೆ ಕೆಂಪಗೆ ನೋಡುತ್ತದೆ. ದೊಡ್ಡ ಡಾಕ್ಟರುಗಳೂ ಹೀಗೇ ಎಂದು ಆಗ ತಾನೇ ನನಗೆ ಗೊತ್ತಾಗಿತ್ತು.

ಏಕೆಂದರೆ ನನ್ನ ಅಕ್ಕನ ಎರಡೂ ಕಿಡ್ನಿ ಹೋಗಿದ್ದವು. ಮದುವೆಯಾಗದೆ ನನ್ನ ಜೊತೆಗೇ ಇದ್ದು ನನ್ನನ್ನು ಓದಿಸಿದವಳು. ವಾರಕ್ಕೆರಡು ಸಲ ಮಂಡ್ಯಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಿತ್ತು. ಮುಗಿಸಿ ಬಂದವಳಿಗೆ ಬಸ್ಸಿನ ಮೆಟ್ಟಿಲು ಹತ್ತುವಷ್ಟೂ ಶಕ್ತಿ ಇರುತ್ತಿರಲಿಲ್ಲ. ಕಾರು ನಿಂತರೆ ಅವಳ ಗತಿ ಏನು ಎಂಬ ಭಯದಲ್ಲಿ ನಾನಿದ್ದಾಗಲೇ ಈ ದೀಪ ಹತ್ತಿಕೊಂಡಿತು.

ಬಾನೆಟ್ ತೆರೆದು, ಆಯಿಲು ಅಳೆಯುವ ಕಡ್ಡಿ ಎಳೆದು ನೋಡಿದೆ. ಆಯಿಲು ಗೆರೆ ಮುಟ್ಟಿತ್ತು. ಮಂಡ್ಯದಲ್ಲಿ ಒಬ್ಬರು ಹೊಸ ಆಯಿಲು ಹಾಕಿದರು. ದೀಪ ಆರಲಿಲ್ಲ. ನಾನು ರಸ್ತೆ ಬಿಟ್ಟು ಅದನ್ನೇ ನೋಡುತ್ತ ಓಡಿಸತೊಡಗಿದೆ. ಒಂದು ದಿನ ಅಕ್ಕ ಎಂದಿನಂತೆ ಎಡಗಡೆ ಬಾಗಿಲನ್ನು ಎರಡು ಸಲ ಬಡಿದು ಕೂತವಳೇ ತನ್ನ ಹಣೆಯ ಬೊಟ್ಟನ್ನು ಕಿತ್ತು, ಬಗ್ಗಿ, ದೀಪದ ಮೇಲೆ ಒತ್ತಿಬಿಟ್ಟಳು.

"ಅದ್ನೇ ನೋಡ್ಕಂಡು ಕೂತ್ರೆ ಮುಂದ್ಗಡೆ ಕಬ್ಬಿನ್ ಗಾಡಿಗೆ ಗುದ್‌ಬುಡ್ತೀಯ ಕಣ್ಲಾ. ಎಂಗೂ ಉರೀತದೆ, ನೋಡುದ್ರೂ ಅಷ್ಟೇಯ, ಬುಟ್ರೂ ಅಷ್ಟೇಯ."

ವಿಜ್ಞಾನದ ಮೇಷ್ಟ್ರು ಹೇಳಿದಂತೆ ಕೇಳಿ ಗೇರು ಹಾಕಿದ. ಹದಿನೈದು ದಿನ ಹಾಗೇ ಓಡಿಸಿದೆ. ನೆಮ್ಮದಿಯಾಗಿಯೇ ಇತ್ತು, ಅದನ್ನು ಹೇಳಲು ನಾಚಿಕೆಯಾಗುತ್ತದೆ.

ಕೊನೆಗೆ ಒಂದು ದಿನ ಆಸ್ಪತ್ರೆಗೆ ಹೋಗುವಾಗ ಸ್ವಲ್ಪ ಸುತ್ತು ಬಳಸಿ, ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರದ ಮೆಕ್ಯಾನಿಕ್ ಸಿದ್ದರಾಜುವಿಗೆ ತೋರಿಸಿದೆ. ಅವನು ಮೀಟರು ಸಿಕ್ಕಿಸಿ ಪ್ರೆಶರ್ ನೋಡಿದ, ಬೆರಳುದ್ದದ ಸ್ವಿಚ್ಚೊಂದನ್ನು ಬಿಚ್ಚಿ ಬೇರೆ ಹಾಕಿದ. ಅಲ್ಲಿಯವರೆಗೆ ಅಕ್ಕ ಕುಳಿತಿರಲೆಂದು ಸ್ಟೂಲು ಕೊಟ್ಟು, ಒಂದು ಎಳನೀರು ಕೊಚ್ಚಿಸಿ ಅವಳ ಕೈಗಿಟ್ಟ. ಡಾಕ್ಟರ ಅಪ್ಪಣೆಯಂತೆ ದಿನಕ್ಕೆ ಎರಡೇ ಲೋಟ ನೀರಿನವಳು, ಕಿಡ್ನಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ಅಂತೂ ವಿಷ. ಅವಳು ಬೇಡವೆನ್ನಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಮೂಸಿ ನೋಡಿ, ಅವನು ಅತ್ತ ತಿರುಗಿದಾಗ ನನಗೆ ಕೊಟ್ಟಳು. ಅದನ್ನು ಕುಡಿಯುವಷ್ಟು ಕಷ್ಟ ನಾನು ಬೇರಾವುದನ್ನು ಕುಡಿಯುವಾಗಲೂ ಪಟ್ಟಿಲ್ಲ.

"ಇಂಜಿನ್ನು ಕಲ್ಲಿದ್ದಂಗದೆ ಸಾ," ಎಂದ ಸಿದ್ದರಾಜು. "ಸ್ವಿಚ್ಚೇ ಓಗಿತ್ತು. ದೀಪ ಸುಮ್ಸುಮ್ನೆ ಎದ್ರುಸ್ತಿತ್ತು. ಇನ್ಮೇಲೆ ಕೀ ತಿರುವ್ದಾಗ ಒಂದ್ಸಲ ಹತ್ತಿ, ಗಾಡಿ ಸ್ಟಾರ್ಟ್ ಆದ್ಮೇಲೆ ಆರೋಯ್ತದೆ."

ಮದ್ದೂರು ದಾಟಿದ ಮೇಲೆ ಅಕ್ಕ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಲೇ, ನನ್ ರಿಪೋರ್ಟೂ ಅಂಗೇ ಸುಮ್ಸುಮ್ನೆ ಎದ್ರುಸ್ತಿರ್ಬೌದೇನ್ಲಾ?"

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವನು ನಾನು. "ಇರ್ಬೌದು ಕಣಕ್ಕ" ಎಂದೆ.

"ಥೂ, ನೆಟ್ಟುಗೆ ಒಂದ್ ಸುಳ್ಳೇಳಕ್ಕೂ ಬರಾಕಿಲ್ವಲ್ಲ ನಿಂಗೆ," ಎಂದು ನಕ್ಕಳು.

ಆ ಬೇಸಿಗೆ ಮುಗಿಯುವುದರೊಳಗೆ ಅಕ್ಕ ಹೋದಳು. ಕಾರಿಗೇನೂ ಆಗಿಲ್ಲ, ಕಲ್ಲಿದ್ದ ಹಾಗೇ ಇದೆ. ಮೊನ್ನೆ ಸರ್ವಿಸಿಗೆ ಬಿಟ್ಟಾಗ ಸಿದ್ದರಾಜು, "ಈ ಬೊಟ್ಟು ಕಿತ್‌ಬುಡ್ಲಾ ಸಾ? ದೀಪ ಕಾಣಕ್ಕಿಲ್ಲ," ಎಂದ. ಇರಲಿ ಬಿಡಪ್ಪ, ಅಂಚಿನಲ್ಲಿ ಕಾಣುತ್ತದೆ ಎಂದೆ.

ಸುಳ್ಳಲ್ಲ, ನಿಜವಾಗಿಯೂ ಕಾಣುತ್ತದೆ. ಕೀ ತಿರುವಿದಾಗ ಬೊಟ್ಟಿನ ಸುತ್ತ ಸಣ್ಣ ಕೆಂಪು ಗೆರೆ ಮೂಡುತ್ತದೆ, ಎಂಜಿನ್ ಶುರುವಾದರೆ ಆರುತ್ತದೆ. ಎಲ್ಲ ಸರಿಯಿದೆ, ಹೊರಡು ಎಂದು ಅದರರ್ಥ. ನಾನು ಮಾತ್ರ ಆಮೇಲೂ ಸ್ವಲ್ಪ ಹೊತ್ತು ಗೇರು ಹಾಕುವುದಿಲ್ಲ. ಎಡಗಡೆ ಬಾಗಿಲು ಎರಡನೇ ಸಲ ಬಡಿಯುವ ಸದ್ದಿಗೆ ಕಾಯುತ್ತಿರುತ್ತೇನೆ.